ಸಾಲ ಉಳಿಸಿದ ಹೆಸರುಗಳು

ಅಮೆರಿಕದಲ್ಲಿ ಆಫ್ರಿಕನ್ ಮೂಲದ ಕುಟುಂಬಗಳು ತಮ್ಮ ಹಿರೀಕರನ್ನು ಹುಡುಕಿಕೊಂಡು ಹೊರಟರೆ ಸಾಮಾನ್ಯವಾಗಿ 1870ಕ್ಕೆ ಬಂದು ನಿಂತುಬಿಡುತ್ತವೆ. ಗುಲಾಮಗಿರಿ ರದ್ದಾದ ಮೇಲೆ ಅಲ್ಲಿ ನಡೆದ ಮೊದಲ ಜನಗಣತಿ ಆ ವರ್ಷದ್ದು. ಬಿಡುಗಡೆಯಾದವರ ಹೆಸರುಗಳನ್ನು ಮನೆಮನೆಗೆ ಹೋಗಿ ಬರೆದುಕೊಂಡದ್ದು ಆಗಲೇ. ಅದಕ್ಕೂ ಹಿಂದಿನ 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆಂದು ಬೇರೆಯೇ ಪಟ್ಟಿ ಇತ್ತು. ಅದರಲ್ಲಿ ಒಡೆಯನ ಹೆಸರು ಇರುತ್ತದೆ, ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರಿನ ಜಾಗವೇ ಇಲ್ಲ. ಹೀಗಾಗಿ ಅಲ್ಲಿ ವಂಶ ಹುಡುಕುವವರು ತಮ್ಮವರನ್ನು ಬಿಟ್ಟು ಮೊದಲು ಒಡೆಯನ ಬೆನ್ನು ಹತ್ತುತ್ತಾರೆ. ಅವನ ಉಯಿಲು, ಮಕ್ಕಳ ಪಾಲುಪಟ್ಟಿ, ಅಡಮಾನದ ಪತ್ರ, ತೋಟದ ಲೆಕ್ಕ. ಅಣ್ಣನಿಗೆ ಬಂದ ಪಾಲಿನಲ್ಲಿ ಒಬ್ಬ ತಾಯಿಯ ಹೆಸರು, ತಂಗಿಯ ಮದುವೆಗೆ ಕೊಟ್ಟ ಬಳುವಳಿಯಲ್ಲಿ ಅವಳ ಮಗಳ ಹೆಸರು. ಹತ್ತಿಯ ತೋಟ, ಕಬ್ಬಿನ ತೋಟಗಳ ಸಾವಿರಾರು ಕುಟುಂಬಗಳನ್ನು ಹೀಗೆ ಒಡೆಯರ ಕಾಗದಗಳಿಂದಲೇ ಮತ್ತೆ ಜೋಡಿಸಿದ್ದಾರೆ.

ತುಮಕೂರಿನಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರಿಗೆ ನಾನು ಈ ಕತೆ ಹೇಳಿದಾಗ ಅವರಲ್ಲಿ ಒಬ್ಬಳು ಕೇಳಿದ್ದು: "ನಮ್ಮ ಕಡೆ ಯಾಕೆ ಯಾರೂ ಹೀಗೆ ಹುಡುಕಲ್ಲ ಸಾರ್?" ಕುಣಿಗಲ್ ತಾಲ್ಲೂಕಿನ ಹುಡುಗಿ. ಅವಳ ಮುತ್ತಾತ ಗುಬ್ಬಿ ಸೀಮೆಯಲ್ಲಿ ಜೀತಕ್ಕಿದ್ದವನು, ಆಮೇಲೆ ಕಾಫಿಸೀಮೆಗೆ ಹೋದವನು ಎಂಬುದಷ್ಟೇ ಅವಳ ಮನೆಯಲ್ಲಿ ಉಳಿದಿರುವ ಚರಿತ್ರೆ. ಯಾವ ಊರು, ಯಾರ ಮನೆ, ಯಾವ ತೋಟ, ಒಂದೂ ಗೊತ್ತಿಲ್ಲ. ಅವಳ ಪ್ರಶ್ನೆಗೆ ಸುಲಭದ ಉತ್ತರ ನಮ್ಮಲ್ಲಿ ಗುಲಾಮಗಿರಿ ಇರಲಿಲ್ಲ ಎಂಬುದು. ನಮ್ಮ ಕಡೆಯ ಸಭ್ಯರು ಬಹಳ ಕಾಲದಿಂದ ಈ ಉತ್ತರವನ್ನೇ ಕೊಡುತ್ತ ಬಂದಿದ್ದಾರೆ.

ಮೊದಲು ಮಾತನ್ನೇ ನೋಡಬೇಕು. ಜೀತ ಎಂಬುದು ‘ಜೀವಿತ’ದ ತದ್ಭವ. ಹಳಗನ್ನಡದಲ್ಲಿ ಅದಕ್ಕೆ ಸಂಬಳ, ಜೀವನೋಪಾಯ ಎಂದರ್ಥ. ಶಾಸನಗಳಲ್ಲಿ ಸೇವೆಗೆ ಪ್ರತಿಯಾಗಿ ಬಿಟ್ಟುಕೊಟ್ಟ ಭೂಮಿಗೂ ಜೀವಿತ ಎಂಬ ಹೆಸರಿದೆ. ದುಡಿದವನಿಗೆ ಸಲ್ಲುವ ಪಾಲಿನ ಹೆಸರು ಇಳಿದು ಇಳಿದು, ಪಾಲೇ ಸಿಗದ ದುಡಿಮೆಯ ಹೆಸರಾಗಿ ನಿಂತಿತು. ‘ಬಿಟ್ಟಿ’ಯ ಕತೆಯೂ ಇಂಥದ್ದೇ. ಅದು ಸಂಸ್ಕೃತದ ವಿಷ್ಟಿ, ಒತ್ತಾಯದ ದುಡಿಮೆ. ಈಗ ಅಂಗಡಿಯಲ್ಲಿ ಪುಕ್ಕಟೆ ಸಿಗುವ ಕೊತ್ತಂಬರಿ ಸೊಪ್ಪಿಗೂ ಬಿಟ್ಟಿ ಎನ್ನುತ್ತೇವೆ. ‘ತೊತ್ತು’ ಎಂದರೆ ದಾಸಿ. ಅದು ಉಳಿದಿರುವುದು ಬೈಗುಳದಲ್ಲಿ. ಒಂದು ಭಾಷೆಯಲ್ಲಿ ಇಷ್ಟೆಲ್ಲ ಪದಗಳಿರುವಾಗ ಆ ವಸ್ತು ಮಾತ್ರ ಇರಲಿಲ್ಲ ಎನ್ನುವುದು ಹೇಗೆ?

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ ಹೊರತಂದರು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಅದರಲ್ಲೇ ಇವೆ. ದಾನಶಾಸನಗಳ ರೀತಿ ಓದುಗರಿಗೆ ಗೊತ್ತಿರುವುದೇ: ಕೊಟ್ಟವನ ವಂಶ, ಪಡೆದವನ ಗೋತ್ರ, ಭೂಮಿಯ ಎಲ್ಲೆ. ಮೂಡಲಿಗೆ ಯಾವ ಕಲ್ಲು, ತೆಂಕಲಿಗೆ ಯಾವ ಕೆರೆಯ ಕೋಡಿ, ಯಾವ ಮರ, ಎಲ್ಲವೂ ಇರುತ್ತದೆ. ಕೊನೆಗೆ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಶುರುವಾಗಿ ಎಂಟು ಬಗೆಯ ಭೋಗಗಳ ಪಟ್ಟಿ. ಆ ಎಂಟರಲ್ಲಿ ಮನುಷ್ಯರನ್ನು ಎಣಿಸಿಲ್ಲ. ಆದರೆ ಉಳುವವರಿಲ್ಲದೆ ಆ ಭೂಮಿಯಿಂದ ಯಾರಿಗೂ ಯಾವ ಭೋಗವೂ ಸಿಗುತ್ತಿರಲಿಲ್ಲ. ಮರದ ಜಾತಿ ಕಲ್ಲಿನ ಮೇಲೆ ಕೂತಿತು, ಉಳುವವನ ಹೆಸರು ಕೂರಲಿಲ್ಲ.

ಕುಣಿಗಲ್ಲಿನವರಿಗೆ ಇದನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದು. ಅಲ್ಲಿಯ ಕುದುರೆ ಫಾರಂ ಹೈದರ್–ಟಿಪ್ಪು ಕಾಲದ್ದೆಂದು ಹೆಸರಾದದ್ದು. ಈಚಿನ ಕಾಲದಲ್ಲಿ ಅಲ್ಲಿ ಪಂದ್ಯದ ಕುದುರೆಗಳನ್ನು ತಳಿ ಎಬ್ಬಿಸಿದ್ದಾರೆ. ಪಂದ್ಯದ ಕುದುರೆಗೆ ವಂಶಾವಳಿ ಕಡ್ಡಾಯ. ತಂದೆ ಯಾವುದು, ತಾಯಿ ಯಾವುದು, ತಾಯಿಯ ತಂದೆ ಯಾವುದು ಎಂದು ಹಲವು ತಲೆಮಾರು ಹಿಂದಕ್ಕೆ ಅಚ್ಚಾದ ಪುಸ್ತಕದಲ್ಲಿ ತೋರಿಸಬಹುದು. ಅದೇ ತಾಲ್ಲೂಕಿನ ಹುಡುಗಿಗೆ ತನ್ನ ಮುತ್ತಾತನ ಊರು ಗೊತ್ತಿಲ್ಲ.

ಹಾಗಾದರೆ ಕರ್ನಾಟಕದಲ್ಲಿ ಗುಲಾಮಗಿರಿ ಕಾಗದದ ಮೇಲೆ ಎಲ್ಲಿಯೂ ಇರಲಿಲ್ಲವೇ? ಇತ್ತು. ಕರಾವಳಿಯಲ್ಲೂ ಕೊಡಗಿನಲ್ಲೂ ಅದು ಮುಚ್ಚುಮರೆಯ ವಿಷಯವೇ ಆಗಿರಲಿಲ್ಲ. ದಕ್ಷಿಣ ಕನ್ನಡದಲ್ಲಿ ‘ಮೂಲದ’ ಆಳುಗಳು ಭೂಮಿಯ ಜೊತೆ ಕೈ ಬದಲಾಯಿಸುತ್ತಿದ್ದರು. ಕೊಡಗಿನಲ್ಲಿ ಎರಡು ಬಗೆ ಇತ್ತೆಂದು 1870ರಲ್ಲಿ ಕೊಡಗಿನ ಕೈಪಿಡಿ ಬರೆದ ಪಾದ್ರಿ ರಿಕ್ಟರ್ ಹೇಳುತ್ತಾನೆ. ಭೂಮಿ ಜಮ್ಮದವರು ನೆಲಕ್ಕೆ ಅಂಟಿಕೊಂಡವರು, ಅವರನ್ನು ಬೇರೆಡೆಗೆ ಮಾರುವಂತಿಲ್ಲ. ಒಕ್ಕಲು ಜಮ್ಮದವರು ಮನೆತನದ ಸ್ವಂತ ಸೊತ್ತು, ಅವರನ್ನು ಮಾರಬಹುದು, ಒತ್ತೆ ಇಡಬಹುದು. ಇನ್ನೂ ದಕ್ಷಿಣಕ್ಕೆ, ತಲಚೇರಿಯ ಹತ್ತಿರದ ಅಂಜರಕಂಡಿಯಲ್ಲಿ, ಈಸ್ಟ್ ಇಂಡಿಯಾ ಕಂಪನಿ 1797ರಲ್ಲಿ ಸಂಬಾರ ಪದಾರ್ಥಗಳ ತೋಟ ಶುರುಮಾಡಿ ಮರ್ಡಾಕ್ ಬ್ರೌನ್ ಎಂಬವನಿಗೆ ಒಪ್ಪಿಸಿತು. ಮೆಣಸು, ದಾಲ್ಚಿನ್ನಿ, ಕಾಫಿ. ಕೆಲಸಕ್ಕೆ ಜನ ಸಾಲದೆ ಬಂದಾಗ ಅಲ್ಲಿ ಗುಲಾಮರನ್ನು ತಂದು ತುಂಬಿದರು. 1811–12ರ ಸುಮಾರಿಗೆ ಮ್ಯಾಜಿಸ್ಟ್ರೇಟ್ ಥಾಮಸ್ ಬೇಬರ್ ತನಿಖೆ ಮಾಡಿದಾಗ ತಿರುವಾಂಕೂರಿನಿಂದ ಕದ್ದು ತಂದವರು, ಮಕ್ಕಳೂ ಸೇರಿ, ಆ ತೋಟದಲ್ಲಿ ಸಿಕ್ಕರು. ಕೋರ್ಟು ಕಚೇರಿಯ ಕಣ್ಣು ಬಿದ್ದ ಕಡೆ ಹೀಗೆ ಕಾಗದ ಹುಟ್ಟುತ್ತದೆ.

ಆದರೆ ಕೆರಿಬಿಯನ್ ದ್ವೀಪಗಳಲ್ಲಿ ಹುಟ್ಟಿದಷ್ಟು ಕಾಗದ ಇಲ್ಲಿ ಹುಟ್ಟಲಿಲ್ಲ. ಅದಕ್ಕೊಂದು ಕಾರಣವಿದೆ. 1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದು ಮಾಡಿದಾಗ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಬಿಡುಗಡೆಯಾದವರಿಗೆ ಕಾಸೂ ಇಲ್ಲ. ಪರಿಹಾರ ಬೇಕಾದರೆ ಎಷ್ಟು ಜನ, ಯಾವ ತೋಟ ಎಂದು ಲೆಕ್ಕ ತೋರಿಸಬೇಕಿತ್ತು. ಅಲ್ಲಿ ಅದಕ್ಕೂ ಮೊದಲೇ ಗುಲಾಮರ ನೋಂದಣಿ ಪುಸ್ತಕಗಳಿದ್ದವು. ಈಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಆ ಪರಿಹಾರದ ಲೆಕ್ಕವನ್ನೆಲ್ಲ ಹುಡುಕಲು ಬರುವ ಹಾಗೆ ತೆರೆದಿಟ್ಟಿದ್ದಾರೆ. ಆದರೆ 1833ರ ಕಾಯಿದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೆಸರು ಹೇಳಿಯೇ ಹೊರಗಿಟ್ಟರು. ಇಲ್ಲಿಗೆ ಬಂದದ್ದು 1843ರ 5ನೆಯ ಕಾಯಿದೆ. ಗುಲಾಮರೆಂದು ಯಾರನ್ನೂ ಸರ್ಕಾರಿ ಬಾಕಿಗಾಗಿ ಹರಾಜು ಹಾಕಕೂಡದು, ಗುಲಾಮರ ಮೇಲಿನ ಹಕ್ಕನ್ನು ಕೋರ್ಟು ಎತ್ತಿಹಿಡಿಯಕೂಡದು, ಗುಲಾಮನೆಂಬ ಕಾರಣಕ್ಕೆ ಅವನು ಸಂಪಾದಿಸಿದ್ದನ್ನು ಕಿತ್ತುಕೊಳ್ಳಕೂಡದು, ಗುಲಾಮನಿಗೆ ಹೊಡೆದರೂ ಅದು ಅಪರಾಧವೇ. ಇಷ್ಟೇ ಅದರ ಸಾರ. ‘ನೀವೆಲ್ಲ ಇಂದಿನಿಂದ ಸ್ವತಂತ್ರರು’ ಎಂದು ಯಾರಿಗೂ ಹೇಳಲಿಲ್ಲ. ಪರಿಹಾರ ಕೊಡದೇ ಇದ್ದದ್ದರಿಂದ ಯಾರೂ ಪಟ್ಟಿ ಮಾಡಲಿಲ್ಲ. ಖಜಾನೆಗೆ ಖರ್ಚು ಉಳಿಯಿತು, ನಮಗೆ ಹೆಸರು ಉಳಿಯಲಿಲ್ಲ. ಆಮೇಲೆ ಬಂದ ಜನಗಣತಿಗಳೂ ನೆರವಿಗೆ ಬರುವುದಿಲ್ಲ. ಮೊತ್ತ ಕೂಡಿಸಿದ ಮೇಲೆ ಮನೆಮನೆಯ ಪಟ್ಟಿಯನ್ನು ಇಟ್ಟುಕೊಳ್ಳುವ ಪದ್ಧತಿ ಇಲ್ಲಿರಲಿಲ್ಲ.

ಬಯಲುಸೀಮೆಯಲ್ಲಿ ಕಟ್ಟು ಬೇರೆ ತರಹದ್ದು. ಇಲ್ಲಿ ಮನುಷ್ಯನನ್ನು ಕೊಳ್ಳಬೇಕಾಗಿರಲಿಲ್ಲ, ಸಾಲ ಕೊಟ್ಟರೆ ಸಾಕಿತ್ತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿಯ ಪರವಾಗಿ ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೂ ಬಂದಿದ್ದ. ಗುಬ್ಬಿ ಆಗಲೇ ದೊಡ್ಡ ಸಂತೆಯ ಊರು. ಅವನು ಮಣ್ಣು, ಬೆಳೆ, ನೇಗಿಲು, ಕೂಲಿ ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಮೈಸೂರು ಸೀಮೆಯ ಬೇಸಾಯದ ಆಳುಗಳ ವಿವರ ಬರುವ ಕಡೆ ಒಂದು ಮಾತು ಬರುತ್ತದೆ. ಆಳಿಗೆ ಒಡೆಯ ಮದುವೆಗೆ, ಮತ್ತೊಂದಕ್ಕೆ ಸಾಲ ಕೊಡುತ್ತಾನೆ. ತೀರುವ ತನಕ ಆಳು ಮನೆ ಬಿಟ್ಟು ಹೋಗುವಂತಿಲ್ಲ. ಅವನು ಸತ್ತರೆ ಸಾಲ ಮಗನ ತಲೆಗೆ. ಗಂಡು ಮಕ್ಕಳಿಲ್ಲದಿದ್ದರೆ ಮಗಳ ಮದುವೆ ಮಾಡಿ, ತಂದೆಗೆ ಸಲ್ಲಬೇಕಾದ ತೆರವನ್ನು ಒಡೆಯನೇ ತೆಗೆದುಕೊಳ್ಳುತ್ತಾನೆ. ಬುಕಾನನ್ ಇದನ್ನು ಗುಲಾಮಗಿರಿಯ ತಲೆಬರಹದಡಿ ಬರೆಯಲಿಲ್ಲ, ಕೂಲಿಯ ತಲೆಬರಹದಡಿ ಬರೆದ. ನಾನಂತೂ ಅವನ ಪುಸ್ತಕದಲ್ಲಿ ಇದಕ್ಕಿಂತ ಮುಖ್ಯವಾದ ಮಾತನ್ನು ಓದಿಲ್ಲ. ಸಾಲ ತಂದೆಯಿಂದ ಮಗನಿಗೆ ಇಳಿಯುತ್ತದೆ ಎಂದರೆ, ಆ ಸಾಲವನ್ನು ಬರೆದಿಟ್ಟ ಪುಸ್ತಕದಲ್ಲಿ ತಂದೆಯೂ ಮಗನೂ ಇರಲೇಬೇಕು ಎಂದಾಯಿತು.

ನಮ್ಮ ಮನೆಯಲ್ಲೇ ಅಂಥದ್ದೊಂದು ಪುಸ್ತಕವಿದೆ. ನನ್ನ ತಾತ ಗುಬ್ಬಿ ತಾಲ್ಲೂಕಿನ ಒಂದು ಊರಿನಲ್ಲಿ ಬೇಸಾಯಗಾರರು. ಅಡಿಕೆ ತೆಂಗಿನ ತೋಟ, ಕೆರೆ ಕೆಳಗೆ ಗದ್ದೆ, ಮೇಲೆ ರಾಗಿ ಹೊಲ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅವರ ಲೆಕ್ಕದ ಪುಸ್ತಕಗಳು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಹಾಗೇ ಇದ್ದವು. ಉದ್ದನೆಯ ಪುಸ್ತಕ, ಮೊದಲ ಪುಟದಲ್ಲಿ ಶ್ರೀ, ಅರಿಸಿನ ಕುಂಕುಮ. ವರ್ಷ ಶುರುವಾಗುವುದು ಯುಗಾದಿಗೆ. ಸಂವತ್ಸರದ ಹೆಸರಿನಲ್ಲೇ ಲೆಕ್ಕ: ವಿಕೃತಿ, ಖರ, ನಂದನ, ವಿಜಯ. ಅಂದರೆ 1950ರಿಂದ 1953–54. ಅಡಿಕೆ ಮಾರಿದ್ದು, ಗಾಡಿ ಬಾಡಿಗೆ, ದೇವರ ಖರ್ಚು, ಇವುಗಳ ನಡುವೆ ಆಳುಗಳ ಪುಟಗಳಿವೆ. ಒಬ್ಬೊಬ್ಬನಿಗೆ ಒಂದೊಂದು ಪುಟ. ಎಡಕ್ಕೆ ಅವನು ಈಸಿಕೊಂಡದ್ದು, ಬಲಕ್ಕೆ ಜಮೆ. ರಾಗಿ ಇಷ್ಟು ಕೊಳಗ, ಕಂಬಳಿ ಒಂದು, ಜೋಡು ಒಂದು ಜೊತೆ, ಹಬ್ಬಕ್ಕೆ ಇಷ್ಟು. ಬಲಗಡೆ ಜಮೆಯ ಸಾಲು ಹೆಚ್ಚುಪಾಲು ಖಾಲಿ. ವರ್ಷದ ಕೊನೆಗೆ ಬಾಕಿಯನ್ನು ಹೊಸ ಪುಸ್ತಕಕ್ಕೆ ಎತ್ತಿ ಬರೆದಿದ್ದಾರೆ.

ನಮ್ಮ ತಾತ ಊರಿನಲ್ಲಿ ಒಳ್ಳೆಯವರೆಂದು ಹೆಸರು ಮಾಡಿದ್ದವರು. ಆಳುಗಳಿಗೆ ಹೊಡೆದದ್ದನ್ನು ಯಾರೂ ಹೇಳುವುದಿಲ್ಲ. ಅಕ್ಷರವೂ ಚೆಂದ, ಲೆಕ್ಕವೂ ಚೊಕ್ಕ. ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ಈ ಚೊಕ್ಕತನವೇ. ಒಬ್ಬ ಆಳಿನ ಪುಟದ ಬಾಕಿ ಒಂದು ಯುಗಾದಿಗೆ ನಿಂತು, ಮುಂದಿನ ಪುಸ್ತಕದಲ್ಲಿ ಅದೇ ಮೊತ್ತ ಇನ್ನೊಂದು ಹೆಸರಿನ ಕೆಳಗೆ ಶುರುವಾಗುತ್ತದೆ. ಪಕ್ಕದಲ್ಲಿ ‘ಇವರಪ್ಪನ ಬಾಬ್ತು’ ಎಂದು ಬರೆದಿದೆ. ಬುಕಾನನ್ ಬರೆದ ಮಾತು ನೂರೈವತ್ತು ವರ್ಷದ ಮೇಲೆ ನಮ್ಮ ತಾತನ ಕೈಬರಹದಲ್ಲಿ.

ಅಲ್ಲಿಂದ ನನಗೆ ದಾರಿ ಸಿಕ್ಕಿತು. ಲೆಕ್ಕದ ಪುಸ್ತಕದಲ್ಲಿ ಹೆಸರುಗಳು ಬರಿಯ ಹೆಸರುಗಳು. ಅಪ್ಪ, ಅಯ್ಯ, ಗೌಡ, ಯಾವುದೂ ಹಿಂದಿಲ್ಲ. ಅದೇ ಮನುಷ್ಯ ಕಂದಾಯ ಇಲಾಖೆಯ ಕಾಗದದಲ್ಲಿ ಸಿಕ್ಕರೆ ‘ಬಿನ್’ ಜೊತೆಗೆ ಸಿಗುತ್ತಾನೆ. ಇಂಥವನು ಬಿನ್ ಇಂಥವನು. ಹೆಂಗಸಾದರೆ ‘ಕೋಂ’, ಇಂಥವರ ಹೆಂಡತಿ. ಅರಬ್ಬಿಯಿಂದ ಬಂದ ಈ ಎರಡಕ್ಷರದ ಬಿನ್ ಕನ್ನಡದ ಬಡವರ ವಂಶಾವಳಿಗೆ ಮಾಡಿರುವ ಉಪಕಾರ ಸಣ್ಣದೇನಲ್ಲ. ಒಂದು ಕಾಗದದ ಮಗ ಇನ್ನೊಂದು ಕಾಗದದ ತಂದೆಯಾಗಿ ಸಿಕ್ಕರೆ ಮೂರು ತಲೆಮಾರು ಕೈಗೆ ಬಂದ ಹಾಗೆ. ಕಷ್ಟವೇನೆಂದರೆ ಒಂದು ಕೇರಿಯಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರುತ್ತಾರೆ, ತಾತನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿರುತ್ತಾರೆ. ಎರಡು ಹೆಸರು ಒಂದೇ ಆಯಿತೆಂದು ಇಬ್ಬರನ್ನೂ ಒಬ್ಬರೇ ಎಂದುಕೊಳ್ಳುವ ಹಾಗಿಲ್ಲ. ತಂದೆಯ ಹೆಸರು, ಕೇರಿ, ಬೆಡಗು, ಈ ಮೂರರಲ್ಲಿ ಎರಡಾದರೂ ಕೂಡಿಬರಬೇಕು.

ಆದರೆ ಜಮೀನೇ ಇಲ್ಲದವನು ಪಹಣಿಯಲ್ಲಿ ಯಾಕಿರುತ್ತಾನೆ? ಇಲ್ಲಿ ನೆರವಿಗೆ ಬರುವುದು ತೋಟಿ, ತಳವಾರಿಕೆ, ನೀರಗಂಟಿ ಕೆಲಸಗಳಿಗೆ ಬಿಟ್ಟಿದ್ದ ಇನಾಂ ತುಂಡುಗಳು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಾದ ಮೇಲೆ ಆ ಜಮೀನನ್ನು ಹಿಡಿದಿದ್ದವರಿಗೇ ಮರುಮಂಜೂರು ಮಾಡಬೇಕಾಯಿತು. ಆಗ ಅರ್ಜಿ, ವಂಶವೃಕ್ಷ, ಹೇಳಿಕೆ ಎಲ್ಲವೂ ಹುಟ್ಟಿದವು. ಹೀಗೆ ಸಿಕ್ಕ ಎಷ್ಟೋ ಜಮೀನು ಸಾಲಕ್ಕೆ, ಮದುವೆಗೆ ಮತ್ತೆ ಕೈಬಿಟ್ಟು ಹೋಯಿತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆ ತಡೆಯುವ 1978ರ ಕಾಯಿದೆ ಬಂದ ಮೇಲೆ ಅದನ್ನು ವಾಪಸು ಕೇಳುವವರು ತಾನು ಮೂಲ ಮಂಜೂರಾತಿದಾರನ ವಾರಸುದಾರನೆಂದು ತೋರಿಸಬೇಕು. ವಂಶ ಹುಡುಕುವುದು ನಮ್ಮ ಕಡೆ ಪುರುಸೊತ್ತಿನವರ ಹವ್ಯಾಸವಾಗಿ ಉಳಿಯದೆ ಹೋಗುವುದು ಈ ಜಾಗದಲ್ಲಿ. ಎರಡು ಎಕರೆ ಇರುವುದೋ ಹೋಗುವುದೋ ಎಂಬುದು ಒಂದು ‘ಬಿನ್’ ಮೇಲೆ ನಿಂತಿರುತ್ತದೆ.

ಶಾಲೆಯ ದಾಖಲಾತಿ ಪುಸ್ತಕಗಳೂ ಇವೆ. ತಂದೆಯ ಹೆಸರು, ಉದ್ಯೋಗ, ಸೇರಿದ ದಿನ, ಬಿಟ್ಟ ದಿನ. ಉದ್ಯೋಗದ ಕಾಲಮಿನಲ್ಲಿ ಎಲ್ಲರೂ ‘ಕೂಲಿ’. ಜೀತ ಎಂದು ಯಾವ ಮೇಷ್ಟರೂ ಬರೆದದ್ದು ನಾನು ಕಂಡಿಲ್ಲ. ಬಿಟ್ಟ ದಿನದ ಮೇಲೆ ಕಣ್ಣಿಡಬೇಕು. ಅಪ್ಪನ ಬಾಬ್ತು ಮಗನಿಗೆ ಇಳಿದ ವರ್ಷವೂ ಹುಡುಗ ಶಾಲೆ ಬಿಟ್ಟ ವರ್ಷವೂ ಕೂಡಿಬಂದರೆ ಮಿಕ್ಕದ್ದನ್ನು ಊಹಿಸಬಹುದು.

ಮಿಷನರಿಗಳ ಕಡೆಯಿಂದಲೂ ಹೋಗಬಹುದು. ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನು 1837ರಷ್ಟು ಹಿಂದೆಯೇ ಶುರುವಾಯಿತು. ಥಾಮಸ್ ಹಡ್ಸನ್ ಶುರುಮಾಡಿದ್ದು. ಅವನ ಜೊತೆಗೆ ಬಂದ ವಿಲಿಯಂ ಆರ್ಥರ್ 1847ರಲ್ಲಿ ಮೈಸೂರು ಮಿಷನ್ನಿನ ಮೇಲೆ ಒಂದು ಪುಸ್ತಕವನ್ನೇ ಬರೆದ. ನೂರೆಂಬತ್ತು ವರ್ಷ ಹಿಂದಿನ ಗುಬ್ಬಿಯ ಸಂತೆಬೀದಿ, ಚರ್ಚೆ, ಪಂಡಿತರು ಎಲ್ಲ ಅದರಲ್ಲಿ ಸಿಗುತ್ತಾರೆ. ಅವನ ಮಾತು ನಡೆದದ್ದು ಮಾತಾಡಬಲ್ಲವರ ಜೊತೆ, ಅಂದರೆ ಪೇಟೆಯವರ ಜೊತೆ. ಹೊಲಗೇರಿಯ ಹೆಸರುಗಳು ಹೇರಳವಾಗಿ ಸಿಗಬೇಕಾದರೆ ಕೊಡಗಿಗೇ ಹೋಗಬೇಕು. ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಆಮೇಲೆ ಕೊಡಗು ಸೇರಿ, ಅಲ್ಲಿ ಗುಲಾಮರಾಗಿದ್ದ ಹೊಲೆಯ ಕುಟುಂಬಗಳನ್ನು ಕೂಡಿಸಿ 1850ರ ದಶಕದ ಕೊನೆಗೆ ಆನಂದಪುರ ಎಂಬ ಊರು ಕಟ್ಟಿದ. ಅವರ ಬದುಕಿಗೆಂದು ಕಾಫಿ ತೋಟ ಹಾಕಿಸಿದ. ತೋಟಕ್ಕಾಗಿ ಮಾಡಿದ ಸಾಲ ಮೊಗ್ಲಿಂಗನನ್ನೇ ಸುತ್ತಿಕೊಂಡಿತು ಎಂಬುದು ಈ ಕತೆಯ ಒಂದು ವಿಚಿತ್ರ ತಿರುವು. ದೀಕ್ಷಾಸ್ನಾನದ ಪುಸ್ತಕದಲ್ಲಿ ಹೆಸರು ಬರೆಯದೆ ಮುಂದೆ ಹೋಗುವ ಹಾಗಿಲ್ಲ. ಗಂಡ, ಹೆಂಡತಿ, ಮಕ್ಕಳು, ಹಳೆಯ ಹೆಸರು, ಹೊಸ ಹೆಸರು. ಬಾಸೆಲ್ ಮಿಷನ್ನಿನ ಹಳೆಯ ಕಾಗದಗಳು ಬಾಸೆಲ್ಲಿನಲ್ಲೂ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲೂ ಇವೆ. ಕನ್ನಡ ವಿದ್ಯಾರ್ಥಿಗಳು ಅಲ್ಲಿಗೆ ನಿಘಂಟು, ಪತ್ರಿಕೆಗಳಿಗಾಗಿ ಹೋಗುವಷ್ಟು ಈ ಪುಸ್ತಕಗಳಿಗಾಗಿ ಹೋದದ್ದು ಕಡಿಮೆ.

ಇನ್ನು ಕಾಫಿಸೀಮೆ. ತಾತನ ಪುಸ್ತಕದಲ್ಲಿ ಒಂದು ಪುಟ ಅರ್ಧಕ್ಕೆ ನಿಂತಿದೆ. ಬಾಕಿಯ ಮುಂದೆ ಬರೆದಿರುವುದು ‘ಕಾಫಿಸೀಮೆಗೆ ಹೋದ’ ಎಂಬ ಎರಡೇ ಮಾತು. ಅದರ ಕೆಳಗೆ ಅಡ್ಡಗೆರೆ. ಓಡಿಹೋದ ಎಂದು ಬರೆಯಬಹುದಿತ್ತು, ಹೋದ ಎಂದಿದ್ದಾರೆ. ಅಷ್ಟರಮಟ್ಟಿಗೆ ತಾತನ ಸೌಜನ್ಯ.

ನಮ್ಮ ಕಡೆಯ ಜನ ಘಟ್ಟ ಹತ್ತಿದ್ದು ಹಳೆಯ ಕತೆ. ಚಿಕ್ಕಮಗಳೂರು ಕಡೆ ಯೂರೋಪಿನವರ ಕಾಫಿ ತೋಟಗಳು 1830ರ ಸುಮಾರಿಗೆ ಶುರುವಾದವು, ಕೊಡಗಿನಲ್ಲಿ 1854ರಿಂದ. ತೋಟಕ್ಕೆ ಕೈ ಬೇಕು. ಮೇಸ್ತ್ರಿ ಬಯಲುಸೀಮೆಗೆ ಇಳಿದು, ರಾಗಿ ಕೊಯ್ಲಾದ ಊರುಗಳಲ್ಲಿ ಮುಂಗಡ ಹಂಚಿ ಜನ ಕಟ್ಟಿಕೊಂಡು ಹೋಗುತ್ತಿದ್ದ. ಮುಂಗಡ ತೆಗೆದುಕೊಂಡು ಕೆಲಸಕ್ಕೆ ಬಾರದವನ ಮೇಲೆ 1859ರ 13ನೆಯ ಕಾಯಿದೆ ಇತ್ತು. ಹಣ ಕಟ್ಟು, ಇಲ್ಲವೇ ದುಡಿ, ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. ಊರಿನಲ್ಲಿ ಒಡೆಯನ ಮಾತಿನಿಂದ ನಡೆಯುತ್ತಿದ್ದದ್ದು ತೋಟದಲ್ಲಿ ಸರ್ಕಾರದ ಕಾಯಿದೆಯಿಂದಲೇ ನಡೆಯಿತು. ಅದು ರದ್ದಾದದ್ದು 1925ರಲ್ಲಿ. ಅದರ ನಡುವೆ ಧಾತು, ಈಶ್ವರ ಸಂವತ್ಸರಗಳ ಬರ ಬಂತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೆ ಇಳಿಯಿತು. ಬಯಲುಸೀಮೆಯ ಯಾವ ಬಡ ಮನೆತನದ ವಂಶಾವಳಿ ಹಿಡಿದು ಹೊರಟರೂ ಆ ಎರಡು ವರ್ಷದ ಹತ್ತಿರ ಬಂದು ಕತ್ತಲೆಗೆ ಬೀಳುತ್ತೇವೆ. ಅಮೆರಿಕದವರಿಗೆ 1870 ಹೇಗೋ ನಮಗೆ 1876 ಹಾಗೆ.

ಆದರೂ ಎಲ್ಲರೂ ಬಲವಂತಕ್ಕೇ ಘಟ್ಟ ಹತ್ತಿದರು ಎನ್ನಲಾರೆ. ಊರಿನ ಬಾಕಿಯಿಂದ ತಪ್ಪಿಸಿಕೊಳ್ಳಲು ಮೇಸ್ತ್ರಿಯ ಮುಂಗಡ ಹಿಡಿದವರಿದ್ದರು. ಒಂದು ಸಾಲದಿಂದ ಇನ್ನೊಂದಕ್ಕೆ ಹೋದರೂ ಅಲ್ಲಿ ಕೂಲಿ ಕೈಗೆ ಬರುತ್ತದೆ, ಕೇರಿಯ ಕಣ್ಣು ತಪ್ಪುತ್ತದೆ ಎಂಬ ಆಸೆ. ಕಾರಂತರ ‘ಚೋಮನ ದುಡಿ’ಯಲ್ಲಿ ತಂದೆಯ ಸಾಲ ತೀರಿಸಲೆಂದು ಮಕ್ಕಳಿಬ್ಬರು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರ ಹೊತ್ತು ಬಂದು ಸಾಯುತ್ತಾನೆ, ಇನ್ನೊಬ್ಬ ಬರುವುದೇ ಇಲ್ಲ. 1933ರ ಆ ಕಾದಂಬರಿಯನ್ನು ನಾವು ದುರಂತವೆಂದು ಓದುತ್ತೇವೆ. ತೋಟದ ಕೂಲಿಯ ದಾಖಲೆಯೆಂದೂ ಓದಬಹುದು. ಸಾಲ ಯಾರ ಹೆಸರಿನಲ್ಲಿದೆ, ತೋಟದ ಲೆಕ್ಕ ಬರೆಯುವವನು ಯಾರು, ಮನೆಮಗಳು ಅಲ್ಲಿ ಯಾವ ಬೆಲೆ ತೆರಬೇಕಾಯಿತು ಎಂಬುದೆಲ್ಲ ಅಲ್ಲಿದೆ. ಕುಣಿಗಲ್ಲಿನ ಪಕ್ಕದ ಮಾಗಡಿಯವರಾದ ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನೂ ಹಾಗೆಯೇ ಓದಬೇಕು. ಎತ್ತಿನ ಬದಲು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉತ್ತದ್ದನ್ನು, ಹಾಗೆ ಕಟ್ಟಿಸಿಕೊಂಡವರಲ್ಲಿ ಒಬ್ಬರು ತಮ್ಮ ತಂದೆಯೇ ಎಂಬುದನ್ನು ಅವರು ಹೇಳುವ ತಣ್ಣಗಿನ ದನಿ ಯಾವ ಸಾಕ್ಷಿಹೇಳಿಕೆಗೂ ಕಡಿಮೆಯದಲ್ಲ.

ತೋಟದಲ್ಲಿ ಹುಡುಕಬೇಕಾದದ್ದು ಚೆಕ್‌ರೋಲ್. ದಿನದಿನದ ಹಾಜರಿ ಬರೆದ ಪುಸ್ತಕ, ಮೇಸ್ತ್ರಿಯ ಹೆಸರಿನ ಕೆಳಗೆ ಅವನ ಗುಂಪು. ಹಳೆಯ ಚೆಕ್‌ರೋಲ್ ಇಟ್ಟುಕೊಂಡ ತೋಟಗಳು ಅಪರೂಪ. ಗೆದ್ದಲು, ಮಳೆ, ಕೈ ಬದಲಾದ ಮಾಲೀಕತ್ವ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯ ನಂತರ ಪರಿಸ್ಥಿತಿ ಸುಧಾರಿಸುತ್ತದೆ. ಲೈನ್ ಮನೆಯ ಪಟ್ಟಿ, ರಜೆಯ ಪಟ್ಟಿ. ಇವೆಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಪಿ.ಎಫ್. ಕಾಗದ. ನಾಮಿನಿಯ ಕಾಲಮಿನಲ್ಲಿ ಹೆಂಡತಿಯ ಹೆಸರು, ಮಕ್ಕಳ ಹೆಸರು, ವಯಸ್ಸು ಬರೆದಿರುತ್ತಾರೆ. ಲೈನ್ ಮನೆಗಳಲ್ಲಿ ಕೂತು ಮಾತಾಡಿದರೆ ಇನ್ನೊಂದು ದಾರಿಯೂ ಸಿಗುತ್ತದೆ. ಅದು ಮನೆದೇವರು. ಮೂರು ತಲೆಮಾರಿನಿಂದ ಮಲೆನಾಡಿನಲ್ಲಿದ್ದರೂ ಮಗುವಿನ ಮುಡಿ ಕೊಡಲು ಬಯಲುಸೀಮೆಯ ಒಂದು ಸಣ್ಣ ಗುಡಿಗೇ ಬರುವ ಮನೆಗಳಿವೆ. ಊರಿನ ಹೆಸರು ಮರೆತವರೂ ದೇವರ ಹೆಸರನ್ನು ಮರೆತಿರುವುದಿಲ್ಲ, ಆ ಗುಡಿ ಎಲ್ಲಿದೆಯೋ ಹುಡುಕುವುದನ್ನು ಅಲ್ಲಿಂದ ಶುರುಮಾಡಬಹುದು.

ವಂಶ ಹೇಳುವವರೇ ನಮ್ಮಲ್ಲಿಲ್ಲವೇ ಎಂದು ಕೇಳಬಹುದು. ಇದ್ದಾರೆ. ಹೆಳವರು ಎತ್ತಿನ ಮೇಲೆ ಬಂದು ಬಾಗಿಲಲ್ಲಿ ನಿಂತು ನಮ್ಮ ಮನೆಯ ಹತ್ತು ತಲೆಮಾರು ಹೇಳುತ್ತಿದ್ದದ್ದು ನನಗೆ ನೆನಪಿದೆ. ಆದರೆ ಅವರು ಹೇಳುವುದು ಧಾನ್ಯ ಕೊಡಬಲ್ಲ ಒಕ್ಕಲು ಮನೆಗಳ ವಂಶ. ಜೀತದವನ ಮನೆಯ ಮುಂದೆ ಹೆಳವನ ಎತ್ತು ಯಾಕೆ ನಿಂತೀತು? ಮಾದಿಗ ಕೇರಿಗಳಿಗೆ ದಕ್ಕಲರು ಇದ್ದರು, ಕುಲಪುರಾಣ ಹೇಳುವ ಹಕ್ಕು ಅವರದು. ತುಮಕೂರಿನಲ್ಲಿ ಬಾಳಿದ ಕವಿ ಕೆ.ಬಿ. ಸಿದ್ದಯ್ಯನವರು ತಮ್ಮ ‘ದಕ್ಲಕಥಾ ದೇವಿ ಕಾವ್ಯ’ಕ್ಕೆ ದಕ್ಕಲರ ಹೆಸರನ್ನೇ ಹಿಡಿದರು. ಕುಲದ ಮೂಲಪುರುಷನ ತನಕ ದಕ್ಕಲರ ಹಾಡು ಹೋಗುತ್ತದೆ. ನಮಗೆ ಬೇಕಾದ ಮುತ್ತಾತನ ಹತ್ತಿರ ಅದು ಇಳಿಯುವುದಿಲ್ಲ.

ಕೊನೆಯ ದೊಡ್ಡ ಕಾಗದ ಹುಟ್ಟಿದ್ದು ನನ್ನ ಜೀವಮಾನದಲ್ಲೇ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ. 1843ರದ್ದು ಹೇಳದೆ ಬಿಟ್ಟದ್ದನ್ನು ಇದು ಹೇಳಿತು: ಜೀತದಾಳು ಇಂದಿನಿಂದ ಮುಕ್ತ, ಅವನ ಸಾಲವೂ ಮುಗಿಯಿತು. ಎರಡು ಮೂರು ವರ್ಷದಲ್ಲಿ ಗಾಂಧಿ ಪೀಸ್ ಫೌಂಡೇಶನ್ನಿನವರು ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ ಜೀತದವರು 26 ಲಕ್ಷ ಎಂಬ ಅಂದಾಜು ಬಂತು. ಕಾಯಿದೆಯಡಿ ಗುರುತಿಸಿದವರಿಗೆ ಬಿಡುಗಡೆ ಪತ್ರ, ಪುನರ್ವಸತಿಗೆ ಮೊದಲಿಗೆ 4,000 ರೂಪಾಯಿ. ಈ ಸಲ ಪರಿಹಾರ ದುಡಿದವನಿಗೆ, ಹಾಗಾಗಿ ಪಟ್ಟಿ ಆಗಲೇಬೇಕಾಯಿತು. ಆ ಕಾಲದಲ್ಲಿ ಪತ್ರ ಪಡೆದ ಒಬ್ಬ ಮುದುಕರನ್ನು ಗುಬ್ಬಿ ಕಡೆ ಮಾತಾಡಿಸಿದ್ದೆ. "ಎಷ್ಟು ಸಾಲ ಇತ್ತು ತಾತ?" ಎಂದು ಕೇಳಿದೆ. "ನಮ್ಮಪ್ಪ ಇದ್ದಾಗ್ಲೇ ಆಗಿದ್ದು ಕಣಪ್ಪ. ಎಷ್ಟು ಅಂತ ಅವ್ರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ" ಎಂದರು. ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೊಲೆಯ ಸಂದಿಗೆ ಸಿಕ್ಕಿಸಿಟ್ಟಿದ್ದರು. ಅದರಲ್ಲಿ ಅವರ ಹೆಸರಿನ ಮುಂದೆ ಬಿನ್ ಇತ್ತು.

ಕುಣಿಗಲ್ ಹುಡುಗಿಯ ಮುತ್ತಾತ ನಮ್ಮ ತಾತನ ಪುಸ್ತಕದಲ್ಲಿ ಸಿಕ್ಕ ಎಂದು ನಾನು ಬರೆದರೆ ಓದುವವರಿಗೆ ಚೆಂದ ಕಾಣುತ್ತದೆ. ಹಾಗಾಗಲಿಲ್ಲ. ಅವಳ ಮನೆದೇವರ ಗುಡಿ ಹಿಡಿದು ಹೊರಟಾಗ ಗುಬ್ಬಿ ತಾಲ್ಲೂಕಿನದೇ ಇನ್ನೊಂದು ಊರು ಸಿಕ್ಕಿತು, ಅಲ್ಲಿ ಅದೇ ಬೆಡಗಿನ ಎರಡು ಮನೆಗಳು ಸಿಕ್ಕವು. ಅವರ ಹಿರೀಕರು ದುಡಿದ ಮನೆಯಲ್ಲಿ ಲೆಕ್ಕದ ಪುಸ್ತಕ ಇದೆಯೇ ಎಂದು ಕೇಳಿದರೆ ‘ಅದೆಲ್ಲ ಯಾವಾಗಲೋ ಹೋಯ್ತು’ ಎಂಬ ಉತ್ತರ. ಹೋಗಿರಲೂಬಹುದು. ಕೊಡಲು ಮನಸ್ಸಿಲ್ಲದೆ ಇರಲೂಬಹುದು. ಒಡೆಯರ ಮನೆಯವರಿಗೆ ಅಂಜಿಕೆಗಳಿವೆ: ಜಮೀನಿನ ಕೇಸು ಹಾಕಿಬಿಟ್ಟರೆ, ಪೇಪರಿನಲ್ಲಿ ಬಂದುಬಿಟ್ಟರೆ. ನಮ್ಮ ಮನೆಯಲ್ಲೇ ನನ್ನ ಚಿಕ್ಕಪ್ಪ ಆ ಕೆಂಪು ಬಟ್ಟೆಯ ಗಂಟು ಬಿಚ್ಚುವುದಕ್ಕೆ ಒಪ್ಪಲು ಒಂದು ವರ್ಷ ತೆಗೆದುಕೊಂಡರು. "ಅವರಿಗೆ ಬೇಕಾದರೆ ಕೊಡು, ನಮಗೇನು ಅದರಿಂದ" ಎನ್ನುವ ಹೊತ್ತಿಗೆ ಅವರಿಗೂ ಎಂಬತ್ತು ದಾಟಿತ್ತು.

ಆ ಪುಟಗಳ ಹೆಸರುಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅವು ಅವರ ಮಕ್ಕಳು ಮೊಮ್ಮಕ್ಕಳಿಗೆ ಸೇರಿದವು, ಬರೆಯುವುದೋ ಬಿಡುವುದೋ ಅವರು ಹೇಳಬೇಕು. ನಾಲ್ಕು ಮನೆಗಳನ್ನು ಇದುವರೆಗೆ ಗುರುತಿಸಲು ಆಗಿದೆ. ಪುಟಗಳ ಜೆರಾಕ್ಸ್ ಮಾಡಿಸಿ ಕೊಟ್ಟೆ. ಒಂದು ಮನೆಯವರು ತೆಗೆದುಕೊಳ್ಳಲಿಲ್ಲ, ಅದನ್ನು ಇಟ್ಟುಕೊಂಡು ಏನು ಮಾಡೋದು ಎಂದರು. ಇನ್ನೊಂದು ಮನೆಯ ಹುಡುಗ ಬಾಕಿಯ ಮೊತ್ತವನ್ನು ಮೊಬೈಲಿನಲ್ಲಿ ಕೂಡಿಸಿ ನೋಡಿ, ಕೂಡಿಕೆ ಸರಿಯಾಗಿದೆ ಎಂದು ಹೇಳಿ ಸುಮ್ಮನಾದ. ಮೂರನೆಯ ಮನೆಯಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಪುಟವನ್ನು ಬೆರಳಿಟ್ಟು ಮೆಲ್ಲಗೆ ಓದಿದರು. ರಾಗಿ, ಕಂಬಳಿ, ಜೋಡುಗಳನ್ನು ದಾಟಿಕೊಂಡು ಒಂದು ಸಾಲಿನ ಹತ್ತಿರ ಬೆರಳು ನಿಂತಿತು. ಖರ ಸಂವತ್ಸರ, ಫಾಲ್ಗುಣ, ‘ಮದುವೆ ಬಗ್ಗೆ’, ಮೊತ್ತ. "ಇದು ನಮ್ಮಜ್ಜಿ ಮದ್ವೆ ಅಲ್ವಾ ಸಾರ್? ಇಸವಿ ಯಾವುದಾಗುತ್ತೆ?" ಎಂದರು. ಖರದ ಫಾಲ್ಗುಣವೆಂದರೆ 1952ರ ಬೇಸಿಗೆಯ ಮೊದಲು ಎಂದು ಲೆಕ್ಕ ಹಾಕಿ ಹೇಳಿದೆ. ಅವರು ಒಳಗೆ ಹೋಗಿ ಪೆನ್ನು ತಂದು, ಜೆರಾಕ್ಸಿನ ಅಂಚಿನಲ್ಲಿ ಅಜ್ಜಿಯ ಹೆಸರು ಬರೆದರು. ತಾತನ ಪುಸ್ತಕದಲ್ಲಿ ಅದು ಇರಲಿಲ್ಲ.